ಓದದವರ ವಿಮರ್ಶೆ

ಸಾಹಿತ್ಯ ವಿಮರ್ಶೆಯಲ್ಲಿ ತೊಡಗಿದವರು ಸಾಮಾನ್ಯವಾಗಿ ಕಾವ್ಯ, ನಾಟಕ, ಕಾದಂಬರಿಗಳ ಎಲ್ಲೆಯನ್ನು ದಾಟುವುದಿಲ್ಲ. ಸರ್ಕಾರದ ವರದಿ, ಬ್ಯಾಂಕಿನ ಯೋಜನಾಪತ್ರ, ಪರದೇಶದ ನೆರವಿನ ವಿವರಣೆ, ಇವೆಲ್ಲ ಬರವಣಿಗೆಗಳೇ ಆದರೂ ವಿಮರ್ಶಕನ ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ, ರಸವಿಲ್ಲದ ಈ ಗದ್ಯದಲ್ಲಿ ತನಗೇನು ಕೆಲಸವೆಂದು ಆತ ಮುಂದೆ ನಡೆಯುತ್ತಾನೆ. ನಾನೂ ಬಹುಕಾಲ ಹಾಗೆಯೇ ನಡೆದವನು. ಆದರೆ ಬಡವರ ಬಾಳನ್ನು ಹೆಚ್ಚು ಹತ್ತಿರದಿಂದ ಮುಟ್ಟುವ ಗದ್ಯ ಯಾವುದೆಂದು ಕೇಳಿಕೊಂಡರೆ, ಅದು ನಮ್ಮ ಕಾದಂಬರಿಗಳ ಗದ್ಯವಲ್ಲ, ಈ ವರದಿಗಳ ಗದ್ಯವೇ ಎಂದು ಒಪ್ಪಬೇಕಾಗುತ್ತದೆ. ಕಾದಂಬರಿಯಲ್ಲಿ ಪಾತ್ರ ಸುಳ್ಳಾದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ. ವರದಿಯಲ್ಲಿ ಪಾತ್ರ ಸುಳ್ಳಾದರೆ ಎಲ್ಲೋ ಒಂದು ಹಳ್ಳಿಯ ಮಂದಿ ಅದರ ಫಲವನ್ನು ಉಣ್ಣಬೇಕಾಗುತ್ತದೆ.

ಈ ಮಾತು ನನಗೆ ಹೊಳೆದದ್ದು ನನ್ನದೇ ಒಂದು ಬರಹದಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ನನ್ನ ಮೇಲಿತ್ತು. ಹುಡುಗರನ್ನು ಕರೆದುಕೊಂಡು ಸಮೀಪದ ಹಳ್ಳಿಯೊಂದರಲ್ಲಿ ಒಂದು ವಾರ ಶಿಬಿರ ಹೂಡಿದೆ. ಬೀದಿ ನಲ್ಲಿಗಳ ಪಕ್ಕದಲ್ಲಿ ಇಂಗುಗುಂಡಿಗಳನ್ನು ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿಸಿದೆವು. ಆಮೇಲೆ ನಾನು ಬರೆದುಕೊಟ್ಟ ವರದಿಯಲ್ಲಿ ‘ಗ್ರಾಮಸ್ಥರು ಅತ್ಯುತ್ಸಾಹದಿಂದ ಭಾಗವಹಿಸಿದರು; ಕೊಳಚೆ ನೀರಿನ ಸಮಸ್ಯೆಗೆ ಶಾಶ್ವತ ಪರಿಹಾರ ದೊರಕಿತು’ ಎಂಬ ವಾಕ್ಯವಿತ್ತು. ವಾಕ್ಯ ವ್ಯಾಕರಣಶುದ್ಧವಾಗಿತ್ತು. ಮಾರನೆಯ ವರ್ಷ ಹೋಗಿ ನೋಡಿದರೆ ಗುಂಡಿಗಳ ಮೇಲೆ ಹುಲ್ಲು ಬೆಳೆದಿತ್ತು. ಜಗುಲಿಯ ಮೇಲೆ ಕುಳಿತಿದ್ದ ಒಬ್ಬ ಮುದುಕಿಯನ್ನು, ಏಕವ್ವ ಹೀಗೆ ಎಂದು ಕೇಳಿದೆ. ‘ನಲ್ಲೀಲಿ ನೀರು ಬರೋದೇ ಎಂಟು ದಿವ್ಸಕ್ಕೆ ಒಂದು ಸಲ, ಮೇಷ್ಟ್ರೇ. ಬಂದ ನೀರ್ನ ತೊಟ್ಟೂ ಚೆಲ್ಲಾಕಿಲ್ಲ. ಪಾತ್ರೆ ತೊಳೆದ ನೀರು ತೆಂಗಿನ ಗಿಡಕ್ಕೆ ಹೋಯ್ತದೆ. ನಿಮ್ಮ ಗುಂಡಿಗೆ ಏನು ಹುಯ್ಯಾನ?’ ಎಂದಳು. ತೋಡುವಾಗಲೇ ಏಕೆ ಹೇಳಲಿಲ್ಲವೆಂದರೆ, ‘ನೀವೆಲ್ಲಿ ಕೇಳಿದ್ರಿ? ಹುಡುಗ್ರು ಬಿಸಿಲಲ್ಲಿ ಬೆವರು ಸುರಿಸ್ತಿದ್ರು, ಬ್ಯಾಡ ಅನ್ನಾಕೆ ಮನಸು ಬರಲಿಲ್ಲ’ ಎಂದಳು. ನನ್ನ ವರದಿಯ ‘ಅತ್ಯುತ್ಸಾಹ’ ಎಂಬ ಪದದ ನಿಜವಾದ ಅರ್ಥ ಆ ಮುದುಕಿಯ ಕನಿಕರ.

ಈ ಪ್ರಸಂಗವನ್ನು ನಮ್ಮ ಅರ್ಥಶಾಸ್ತ್ರ ವಿಭಾಗದ ಮಿತ್ರರಿಗೆ ಹೇಳಿದಾಗ ಅವರು ನಕ್ಕು, ಮೂರು ಇಂಗ್ಲಿಷ್ ಪುಸ್ತಕಗಳನ್ನು ಕೈಗಿತ್ತರು. ಬಡತನ ನೀಗಿಸಲು ದೇಶದೇಶಗಳು ಕೂಡಿ ಹೂಡುವ ಯೋಜನೆಗಳಲ್ಲಿ ಕೆಲವು ಫಲಿಸುವುದೇಕೆ, ಹಲವು ಸೋಲುವುದೇಕೆ ಎಂಬುದೇ ಮೂರರ ವಸ್ತು. ಅರ್ಥಶಾಸ್ತ್ರಜ್ಞನಲ್ಲದ ನಾನು ಅವನ್ನು ಸಾಹಿತ್ಯದ ಮೇಷ್ಟರು ಓದುವ ರೀತಿಯಲ್ಲೇ ಓದಿದೆ. ಓದಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಜೇಮ್ಸ್ ಫರ್ಗುಸನ್ ಎಂಬ ಮಾನವಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ ‘ದಿ ಆಂಟಿ-ಪಾಲಿಟಿಕ್ಸ್ ಮೆಷಿನ್’. ದಕ್ಷಿಣ ಆಫ್ರಿಕವೇ ಸುತ್ತ ಆವರಿಸಿಕೊಂಡಿರುವ ಲೆಸೊಥೊ ಎಂಬ ಪುಟ್ಟ ಬೆಟ್ಟದ ನಾಡು ಇದರ ರಂಗಸ್ಥಳ. ಅಲ್ಲಿನ ಥಾಬಾ-ತ್ಸೆಕಾ ಪ್ರಾಂತದಲ್ಲಿ 1975ರಿಂದ 1984ರವರೆಗೆ ವಿಶ್ವಬ್ಯಾಂಕು ಮತ್ತು ಕೆನಡಾ ಸರ್ಕಾರದ ಹಣದಿಂದ ಬೇಸಾಯ ಮತ್ತು ಪಶುಪಾಲನೆಯ ದೊಡ್ಡ ಯೋಜನೆಯೊಂದು ನಡೆಯಿತು. ಫರ್ಗುಸನ್ನರು ಮೊದಲು ಹೊಲಕ್ಕೆ ಹೋಗುವುದಿಲ್ಲ. ಒಂದು ಬರಹವನ್ನು ಎತ್ತಿಕೊಳ್ಳುತ್ತಾರೆ. ಅದು ಲೆಸೊಥೊ ಕುರಿತು ವಿಶ್ವಬ್ಯಾಂಕು 1975ರಲ್ಲಿ ಹೊರಡಿಸಿದ ವರದಿ. ಸ್ವಾತಂತ್ರ್ಯ ಬಂದ 1966ರವರೆಗೆ ಈ ದೇಶವನ್ನು ಆಧುನಿಕ ಆರ್ಥಿಕ ವ್ಯವಹಾರ ಮುಟ್ಟಿಯೇ ಇರಲಿಲ್ಲವೆಂದೂ, ಜನರೆಲ್ಲ ತಮ್ಮ ಹೊಟ್ಟೆಪಾಡಿಗಷ್ಟೇ ಬೆಳೆದುಕೊಳ್ಳುವ ರೈತರೆಂದೂ ಆ ವರದಿ ಚಿತ್ರಿಸುತ್ತದೆ. ಇದರ ಪಕ್ಕದಲ್ಲಿ ಫರ್ಗುಸನ್ನರು 1910ರ ಬ್ರಿಟಾನಿಕಾ ವಿಶ್ವಕೋಶವನ್ನು ತೆರೆದಿಡುತ್ತಾರೆ. ಅದರಲ್ಲಿ ಇದೇ ನಾಡು ಗೋಧಿ, ಉಣ್ಣೆ, ಕುದುರೆ, ದನಗಳನ್ನು ಹೊರಕ್ಕೆ ಮಾರುತ್ತಿದ್ದ ನಾಡು! ಅರುವತ್ತೈದು ವರ್ಷ ಮುಂಚಿನ ಪುಸ್ತಕ ಕಂಡ ವ್ಯಾಪಾರ ವಿಶ್ವಬ್ಯಾಂಕಿನ ಕಣ್ಣಿಗೆ ಕಾಣಲಿಲ್ಲ.

ನಿಜವಾಗಿ ಅಲ್ಲಿನ ಗಂಡಸರು ತಲೆಮಾರುಗಳಿಂದ ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಕೂಲಿಗಳು. 1970ರ ದಶಕದ ಲೆಕ್ಕದಲ್ಲಿ ಹಳ್ಳಿಯ ಸಂಸಾರದ ಆದಾಯದಲ್ಲಿ ಸುಮಾರು ನೂರಕ್ಕೆ 70 ಪಾಲು ಆ ಕೂಲಿಯಿಂದ ಬಂದದ್ದು. ಬೆಳೆಯಿಂದ ಬಂದದ್ದು ನೂರಕ್ಕೆ 6. ಇಂಥವರನ್ನು ‘ರೈತ’ ಎಂದು ಕರೆದು ಯೋಜನೆ ಹೂಡಿದರೆ ಏನಾದೀತು? ದನಗಳ ಸಂಗತಿಯನ್ನೇ ನೋಡಬಹುದು. ಒಳ್ಳೆಯ ತಳಿ ಸಾಕಿ ಪೇಟೆಗೆ ಮಾರಿರೆಂದು ಯೋಜನೆಯವರು ಬೋಧಿಸಿದರು. ಆದರೆ ಗಣಿಗೆ ಹೋದವನಿಗೆ ದನವೆಂದರೆ ಮಾರುವ ಸರಕಲ್ಲ, ಮುಪ್ಪಿನ ಕಾಲದ ಗಂಟು. ದುಡ್ಡಾಗಿದ್ದರೆ ಮನೆಯ ಖರ್ಚಿಗೆ ಕರಗಿಹೋಗುತ್ತದೆ. ದನವಾಗಿದ್ದರೆ ಸುಲಭಕ್ಕೆ ಯಾರೂ ಕೇಳುವಂತಿಲ್ಲ. ಊರಲ್ಲಿಲ್ಲದ ಯಜಮಾನನಿಗೆ ಊರಿನಲ್ಲಿ ಒಂದು ಸ್ಥಾನವನ್ನೂ ಅದು ಉಳಿಸಿಕೊಡುತ್ತದೆ. ಕೆಲವರ ಸುಧಾರಿತ ದನಗಳಿಗೆಂದು ಸಾಮಾನ್ಯ ಹುಲ್ಲುಗಾವಲಿಗೆ ಬೇಲಿ ಹಾಕಿದಾಗ ಜನ ಬೇಲಿ ಕಡಿದರು. ಪೈರನ್ನು ಪೇಟೆಗೆ ಸಾಗಿಸಲು ಮಾಡಿದ ರಸ್ತೆಯಲ್ಲಿ ಹೊರಗಿನ ಧಾನ್ಯವೇ ಒಳಕ್ಕೆ ಬಂತು. ಅದರ ಹಿಂದೆಯೇ ಸರ್ಕಾರದ ಕಚೇರಿಗಳೂ ಪೊಲೀಸರೂ ಬಂದರು. ಯೋಜನೆ ಸೋತರೂ ಅಧಿಕಾರ ಬೆಟ್ಟ ಹತ್ತಿತು ಎಂಬುದು ಫರ್ಗುಸನ್ನರ ವಾದ.

ಬರಹವೊಂದನ್ನು ಹಿಡಿದು ಅದು ಹೇಳದೆ ಬಿಟ್ಟದ್ದನ್ನು ಓದುವ ಈ ಕ್ರಮ ನಮಗೆ, ಧ್ವನಿವಿಚಾರ ಓದಿಕೊಂಡವರಿಗೆ, ಹೊಸದೇನಲ್ಲ. ವರದಿಯಲ್ಲಿ ‘ರೈತ’ ಎಂಬ ಪದ ಬರಲೇಬೇಕಾಗಿತ್ತು. ಏಕೆಂದರೆ ಬ್ಯಾಂಕಿನ ಕೈಯಲ್ಲಿದ್ದ ಮದ್ದು ರೈತನಿಗೆ ಮಾತ್ರ ಒಗ್ಗುವಂಥದು. ‘ಗಣಿ ಕೂಲಿ’ ಎಂದು ಬರೆದಿದ್ದರೆ ಅವನ ಕೂಲಿಯ ದರ, ಅವನ ಬಣ್ಣ, ಅವನಿಗೆ ಹಕ್ಕಿಲ್ಲದಂತೆ ಮಾಡಿದ ನೆರೆದೇಶದ ವರ್ಣಭೇದದ ಆಡಳಿತ, ಇವೆಲ್ಲವನ್ನೂ ಬರೆಯಬೇಕಾಗುತ್ತಿತ್ತು. ಅದಕ್ಕೆ ಯೋಜನೆಯಲ್ಲಿ ಮದ್ದಿರಲಿಲ್ಲ. ಮದ್ದಿಗೆ ತಕ್ಕಂತೆ ರೋಗಿಯನ್ನು ಕಲ್ಪಿಸಿಕೊಂಡ ಕೃತಿ ಅದು.

ಆದರೂ ಪುಸ್ತಕದ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ಭಾಷೆ ಬಿಗಿ, ಪಾರಿಭಾಷಿಕ ಪದಗಳ ಮುಳ್ಳುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಅದು ದೊಡ್ಡ ದೋಷವಲ್ಲ. ದೊಡ್ಡ ದೋಷವೆಂದರೆ, ಇದನ್ನು ಓದಿ ಮುಗಿಸಿದವನಿಗೆ ಯಾವ ಯೋಜನೆಯೂ ಫಲಿಸಲಾರದೆಂಬ ಭಾವನೆ ಉಳಿಯುತ್ತದೆ. ‘ಹಾಗಾದರೆ ಮಾಡುವುದೇನು?’ ಎಂಬ ಪ್ರಶ್ನೆ ಕೊನೆಯಲ್ಲಿ ಬರುತ್ತದೆ, ನಿಜ. ಆದರೆ ಯಾರು ಯಾರಿಗಾಗಿ ಕೇಳುವ ಪ್ರಶ್ನೆ ಇದು ಎಂದು ಅವರು ಪ್ರಶ್ನೆಯನ್ನೇ ವಿಚಾರಣೆಗೆ ಗುರಿಮಾಡುತ್ತಾರೆ. ನ್ಯಾಯವಾದ ಮಾತೇ. ಆದರೆ ಮಗು ಭೇದಿಯಿಂದ ಸೊರಗುತ್ತಿರುವಾಗ ತಾಯಿಯ ಬಾಯಲ್ಲಿ ಬರುವ ಪ್ರಶ್ನೆಯೂ ಅದೇ ಅಲ್ಲವೆ? 2025ರಲ್ಲಿ ಅಮೆರಿಕ ತನ್ನ ಅಂತರರಾಷ್ಟ್ರೀಯ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಹಣವಂತ ದೇಶಗಳು ಕೈ ಕೊಡವಿಕೊಳ್ಳಲು ನೆಪ ಹುಡುಕುತ್ತಿರುವ ಈ ಹೊತ್ತಿನಲ್ಲಿ ಸೋಲಿನ ಕಥೆಯೊಂದನ್ನೇ ಹೇಳುವುದು ಅಪಾಯ.

ಆದ್ದರಿಂದ ಎರಡನೆಯ ಪುಸ್ತಕ ನನಗೆ ಮುಖ್ಯವಾಯಿತು. 1996ರಲ್ಲಿ ಢಾಕಾದಲ್ಲಿ ಪ್ರಕಟವಾದ ಇದರ ಹೆಸರು ‘ಎ ಸಿಂಪಲ್ ಸಲ್ಯೂಷನ್’. ಬರೆದವರು ಮುಷ್ತಾಕ್ ಚೌಧುರಿ ಮತ್ತು ರಿಚರ್ಡ್ ಕ್ಯಾಶ್. ಭೇದಿ, ಕಾಲರಾಗಳಲ್ಲಿ ರೋಗಿ ಸಾಯುವುದು ಮೈಯ ನೀರೂ ಉಪ್ಪೂ ಸೋರಿಹೋಗಿ. ಕರುಳು ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುತ್ತದೆ, ಅದರ ಹಿಂದೆ ನೀರೂ ಒಳಹೋಗುತ್ತದೆ ಎಂಬ ತತ್ವದ ಮೇಲೆ, ಬಾಯಿಂದ ಕುಡಿಸುವ ದ್ರಾವಣ ಕಾಲರಾ ರೋಗಿಗಳನ್ನು ಉಳಿಸಬಲ್ಲುದೆಂದು ಕ್ಯಾಶ್ ಮತ್ತು ನೇಲಿನ್ ಎಂಬ ತರುಣ ವೈದ್ಯರು 1968ರಲ್ಲಿ ಢಾಕಾದಲ್ಲಿ ತೋರಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ, ಸೂಜಿಯಿಂದ ಹಾಕುವ ಔಷಧ ಮುಗಿದಾಗ ದಿಲೀಪ್ ಮಹಲನಬೀಸರು ಇದನ್ನೇ ಪೀಪಾಯಿಗಳಲ್ಲಿ ಕಲಸಿ ಹಂಚಿ ಸಾವಿರಾರು ಜೀವ ಉಳಿಸಿದರು. ಇದು ವೈದ್ಯದ ಕಥೆ. ನನಗೆ ಬೇಕಾದ ಕಥೆ ಅದಾದ ಮೇಲಿನದು: ಔಷಧವನ್ನು ಓದುಬರಹ ಬಾರದ ಕೋಟಿ ತಾಯಂದಿರಿಗೆ ತಲಪಿಸುವುದು ಹೇಗೆ?

ಫಜ್ಲೆ ಹಸನ್ ಆಬೇದರು 1972ರಲ್ಲಿ ಕಟ್ಟಿದ ‘ಬ್ರ್ಯಾಕ್’ ಎಂಬ ಸಂಸ್ಥೆ ಈ ಕೆಲಸಕ್ಕೆ ಕೈಹಾಕಿತು. ಪೊಟ್ಟಣ ಹಂಚಲಿಲ್ಲ. ಮೂರು ಬೆರಳ ಚಿಟಿಕೆ ಉಪ್ಪು, ನಾಲ್ಕು ಬೆರಳಲ್ಲಿ ತೋಡಿದ ಬೆಲ್ಲ, ಅರ್ಧ ಸೇರು ನೀರು, ಇಷ್ಟೇ ಸಾಮಗ್ರಿ. ಅಳತೆಯ ಪಾತ್ರೆ ತಾಯಿಯ ಕೈಯೇ. ಹೆಂಗಸರ ತಂಡಗಳು ಮನೆಮನೆಗೆ ಹೋಗಿ, ತಾಯಿಯ ಎದುರು ಕುಳಿತು, ಅವಳ ಕೈಯಿಂದಲೇ ಕಲಸಿಸಿ, ನೆನಪಿಡಬೇಕಾದ ಅಂಶಗಳನ್ನು ಬಾಯಿಪಾಠ ಮಾಡಿಸಿದವು. ಮೊದಲು ಹತ್ತು ಅಂಶಗಳಿದ್ದವು. ಹತ್ತು ಹೆಚ್ಚಾಯಿತೆಂದು ಆಮೇಲೆ ಏಳಕ್ಕಿಳಿಸಿದರು. ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಏರ್ಪಾಡು. ಕೆಲವು ವಾರಗಳ ಮೇಲೆ ಬೇರೊಬ್ಬರು ಬಂದು, ಕಲಿತ ಮನೆಗಳಲ್ಲಿ ಕೆಲವನ್ನು ಆರಿಸಿ, ತಾಯಿಗೆ ಏನು ನೆನಪಿದೆಯೆಂದು ಕೇಳುವರು; ದ್ರಾವಣ ಮಾಡಿಸಿ ಅದನ್ನು ಪರೀಕ್ಷಿಸುವರು. ತಾಯಿಗೆ ಎಷ್ಟು ಬಂತೋ ಅದರ ಮೇಲೆ ಕಲಿಸಿದವಳ ಸಂಬಳ! ವಿದ್ಯಾರ್ಥಿಗೆ ಬಾರದಿದ್ದರೆ ಮೇಷ್ಟರಿಗೆ ಸಂಬಳವಿಲ್ಲವೆಂಬ ಈ ನಿಯಮ ನಮ್ಮ ಕಾಲೇಜುಗಳಲ್ಲಿ ಜಾರಿಗೆ ಬಂದರೆ ನನ್ನಂಥವರ ಗತಿಯೇನು ಎಂದು ಓದುತ್ತ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತಿತು.

ಕಲಿಕೆ ಚೆನ್ನಾಗಿಯೇ ನಡೆಯಿತು; ಬಳಕೆ ಮಾತ್ರ ಬಹಳ ಕಡಿಮೆಯೆಂದು ತಿಳಿದುಬಂತು. ಇಲ್ಲಿ ಥಾಬಾ-ತ್ಸೆಕಾದ ಹಾದಿಗೂ ಇದರ ಹಾದಿಗೂ ಕವಲು ಒಡೆಯುತ್ತದೆ. ಜನ ಮೂಢರೆಂದು ಬರೆದು ಮುಗಿಸದೆ ಇವರು ಕಾರಣ ಕೇಳಲು ಹೊರಟರು. ತಿಳಿದ ಸಂಗತಿಗಳು ಹಲವು. ಕಲಿಸಲು ಹೋದವರಿಗೇ ಉಪ್ಪು-ಬೆಲ್ಲದ ನೀರಿನಲ್ಲಿ ಪೂರ್ತಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಮಾತ್ರೆ ನುಂಗುತ್ತಿದ್ದರು. ಗಂಡಸರನ್ನು ಯಾರೂ ಮಾತನಾಡಿಸಿರಲಿಲ್ಲ. ಮನೆಗೆ ಹೆಂಗಸರು ಬಂದು ಏನೋ ಹೇಳಿಹೋದರೆಂದು ಅವರಿಗೆ ಸಂಶಯ.

ಇನ್ನೊಂದು, ಭಾಷೆಯ ಸಂಗತಿ. ಈ ಕಾರ್ಯಕ್ರಮವನ್ನು ಅಭ್ಯಸಿಸಿದವರು ದಾಖಲಿಸಿದ ಪ್ರಕಾರ, ವೈದ್ಯರು ಒಂದೇ ಹೆಸರಿನಿಂದ ಕರೆಯುವ ಭೇದಿ ಆ ತಾಯಂದಿರಿಗೆ ಒಂದಲ್ಲ, ನಾಲ್ಕು. ಹಾಲು ಕುಡಿವ ಕೂಸಿನದು ‘ದೂದ್ ಹಾಗಾ’. ತಿಂದದ್ದು ಅರಗದೆ ಆಗುವುದು ‘ಅಜೀರ್ಣ’. ಸಿಂಬಳ ಬೀಳುವುದು ‘ಆಮಾಶಾ’. ನೀರು ನೀರಾಗಿ ಹೋಗಿ ಪ್ರಾಣಕ್ಕೆ ಬರುವುದು ಮಾತ್ರ ‘ಡಾಯರಿಯಾ’. ‘ಡಾಯರಿಯಾ ಆದರೆ ಈ ನೀರು ಕುಡಿಸಿ’ ಎಂದು ಕೇಳಿಸಿಕೊಂಡ ತಾಯಿ, ಮಗುವಿಗೆ ಆಮಾಶಾ ಆದಾಗ ಕುಡಿಸದಿದ್ದರೆ ಅದು ಮರೆವಲ್ಲ. ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದು. ನಮ್ಮ ಆಮಶಂಕೆಯ ಒಡಹುಟ್ಟಿದಂಥ ಆ ಪದವನ್ನು ಕಂಡಾಗ ನನಗಾದ ಆನಂದವನ್ನು ಮುಚ್ಚಿಡಲಾರೆ. ಕಡಿಮೆ ಬಿದ್ದದ್ದು ತಾಯಿಯ ತಿಳಿವಲ್ಲ, ಹೇಳಿದವರ ಪದಕೋಶ.

ಸಂಸ್ಥೆ ತನ್ನನ್ನು ತಿದ್ದಿಕೊಂಡಿತು. ಕೆಲಸಗಾರರಿಗೆ ದ್ರಾವಣದ ಮರ್ಮವನ್ನು ಮತ್ತೆ ಕಲಿಸಿತು. ಹಳ್ಳಿಗಳಲ್ಲಿ ಎಲ್ಲರೆದುರು ತಾವೇ ಕುಡಿದು ತೋರಿಸುವಂತೆ ಮಾಡಿತು. ಗಂಡಸರ ಸಭೆ ಕರೆಯಿತು, ಮಸೀದಿ, ಶಾಲೆಗಳಿಗೆ ಹೋಯಿತು. 1980ರಿಂದ 1990ರವರೆಗೆ ಹತ್ತು ವರ್ಷ ನಡೆದ ಈ ಕೆಲಸ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತು. ಮಕ್ಕಳ ಭೇದಿಗೆ ಇಂಥ ದ್ರಾವಣವನ್ನು ಅತಿ ಹೆಚ್ಚಾಗಿ ಬಳಸುವ ದೇಶಗಳಲ್ಲಿ ಬಾಂಗ್ಲಾದೇಶ ಇಂದು ಒಂದು. ಕೃತಿಯಾಗಿ ಈ ಪುಸ್ತಕ ಶುಷ್ಕ. ಒಳಗಿನವರೇ ಬರೆದದ್ದರಿಂದ ಅಲ್ಲಲ್ಲಿ ಆತ್ಮಪ್ರಶಂಸೆಯ ವಾಸನೆಯೂ ಇದೆ. ಆದರೆ ತಮ್ಮ ಸೋಲನ್ನು ಇಷ್ಟು ವಿವರವಾಗಿ ಬರೆದುಕೊಂಡ ವರದಿಕಾರರು ಅಪರೂಪ.

ಮೂರನೆಯ ಪುಸ್ತಕ ಹೆಚ್ಚು ಜನ ಬಲ್ಲದ್ದು: ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರ ‘ಪೂರ್ ಎಕನಾಮಿಕ್ಸ್’ (2011). 2019ರಲ್ಲಿ ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ ನೊಬೆಲ್ ಗೌರವ ಸಂದಿತು. ಪೈರಿನ ಪ್ರಯೋಗದಲ್ಲಿ ಒಂದು ಮಡಿಗೆ ಗೊಬ್ಬರ ಹಾಕಿ ಇನ್ನೊಂದನ್ನು ಹಾಗೇ ಬಿಡುವಂತೆ, ಚೀಟಿಯೆತ್ತಿ ಆರಿಸಿದ ಕೆಲವು ಹಳ್ಳಿಗಳಲ್ಲಿ ಯೋಜನೆ ನಡೆಸಿ ಉಳಿದವುಗಳೊಡನೆ ಹೋಲಿಸುವುದು ಇವರ ಕ್ರಮ. ಉದಯಪುರದ ಸುತ್ತಿನ ಹಳ್ಳಿಗಳಲ್ಲಿ ಎಲ್ಲ ಚುಚ್ಚುಮದ್ದನ್ನೂ ಪಡೆದ ಮಕ್ಕಳು ನೂರಕ್ಕೆ ಸುಮಾರು 6. ತಪ್ಪದೆ ನಡೆಯುವ ಶಿಬಿರ ಏರ್ಪಡಿಸಿದಲ್ಲಿ ಅದು ಸುಮಾರು 17ಕ್ಕೆ ಏರಿತು. ಪ್ರತಿಸಲ ಬಂದ ತಾಯಿಗೆ ಒಂದು ಕಿಲೋ ಬೇಳೆ ಕೊಟ್ಟಲ್ಲಿ ಸುಮಾರು 38ಕ್ಕೆ. ಬರಹ ಸರಳ, ನಯವಾಗಿದೆ, ಮಾನವಶಾಸ್ತ್ರಜ್ಞರೂ ಕಲಿಯಬಹುದು. ಬಡವ ದಡ್ಡನಲ್ಲ, ಅವನ ಲೆಕ್ಕ ಬೇರೆ ಎಂಬುದೇ ಇದರ ಸಾರ.

ಇದೇ ಕ್ರಮದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದ ಮಾತನ್ನೂ ಸೇರಿಸಬೇಕು. ಕಡುಬಡವರಿಗೆ ಹಸುವನ್ನೋ ಆಡನ್ನೋ ಕೊಟ್ಟು, ಕೆಲವು ತಿಂಗಳು ಕೈಖರ್ಚಿಗೂ ಕೊಟ್ಟು, ಸಾಕುವುದನ್ನು ಕಲಿಸಿ, ಆಗಾಗ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ಪದ್ಧತಿಯೊಂದನ್ನು ಬ್ರ್ಯಾಕ್ ಸಂಸ್ಥೆ 2002ರಲ್ಲಿ ಆರಂಭಿಸಿತ್ತು. ಇಥಿಯೋಪಿಯ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು, ಈ ಆರು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಅದನ್ನು ಪರೀಕ್ಷಿಸಿದರು. ಯೋಜನೆ ಮುಗಿದು ವರ್ಷವಾದ ಮೇಲೂ ಬಹುಮಟ್ಟಿಗೆ ಫಲ ನಿಂತಿತ್ತು. ಹೊಂಡುರಾಸಿನಲ್ಲಿ ನಿಲ್ಲಲಿಲ್ಲ. ಅಲ್ಲಿ ಹೆಚ್ಚು ಮಂದಿ ಕೋಳಿ ತೆಗೆದುಕೊಂಡಿದ್ದರು. ಕೋಳಿಗಳು ರೋಗ ಬಂದು ಸತ್ತವು. ಆರು ದೇಶಗಳ ಸರಾಸರಿಯಲ್ಲಿ ಈ ಕೋಳಿಗಳ ಸಾವು ಕಾಣುವುದಿಲ್ಲ. ಎಣಿಸುವ ವಿದ್ಯೆಯ ಬಲವೂ ಮಿತಿಯೂ ಇದೇ: ಎಷ್ಟು ಮಂದಿಗೆ ಫಲಿಸಿತೆಂದು ಅದು ಪ್ರಾಮಾಣಿಕವಾಗಿ ಹೇಳುತ್ತದೆ, ಏಕೆ ಫಲಿಸಲಿಲ್ಲವೆಂಬುದಕ್ಕೆ ಮತ್ತೆ ಹಿತ್ತಲಿಗೇ ಹೋಗಿ ಕೇಳಬೇಕು.

ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದಿಷ್ಟು. ಯೋಜನೆ ಫಲಿಸುವುದು ಹಣದ ಮೊತ್ತದಿಂದಲ್ಲ, ಹೂಡಿದವರ ಸದ್ಭಾವನೆಯಿಂದಲೂ ಅಲ್ಲ. ಅದನ್ನು ಪಡೆಯುವವರ ಮಾತಿಗೆ ಅದನ್ನು ತಿದ್ದುವ ಅಧಿಕಾರವಿದ್ದಾಗ. ‘ಜನರನ್ನು ಕೇಳಿ ಮಾಡಿದೆವು’ ಎಂದು ಈಗ ಎಲ್ಲ ವರದಿಗಳಲ್ಲೂ ಬರೆಯುತ್ತಾರೆ, ನನ್ನ ‘ಅತ್ಯುತ್ಸಾಹ’ದ ಹಾಗೆ. ಕೇಳಿದರೆ ಸಾಲದು, ಕೇಳಿದ ಮಾತಿನಿಂದ ಯಾರದಾದರೂ ಸಂಬಳ, ಯಾವುದಾದರೂ ಪದ, ಯಾವುದಾದರೂ ನಕ್ಷೆ ಬದಲಾಯಿತೆ ಎಂಬುದೇ ಪರೀಕ್ಷೆ. ಥಾಬಾ-ತ್ಸೆಕಾದಲ್ಲಿ ಜನ ಬೇಲಿ ಕಡಿದರು. ಅದೂ ಒಂದು ವಿಮರ್ಶೆಯೇ. ಆದರೆ ಅದನ್ನು ವಿಮರ್ಶೆಯೆಂದು ಓದುವವರು ಅಲ್ಲಿರಲಿಲ್ಲ. ಬಾಂಗ್ಲಾದೇಶದಲ್ಲಿ ತಾಯಂದಿರು ಸುಮ್ಮನೆ ದ್ರಾವಣ ಬಳಸದೆ ಉಳಿದರು. ಆ ಮೌನವನ್ನು ಓದುವವರು ಇದ್ದರು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಜನರ ಮಾತೊಂದೇ ಸಾಕೆ? ಸಾಲದು. ಉಪ್ಪು ಹೆಚ್ಚಾದರೆ ಅದೇ ದ್ರಾವಣ ಮಗುವಿಗೆ ವಿಷವಾದೀತು. ಚಿಟಿಕೆಯ ಲೆಕ್ಕ ಹೇಳಿಕೊಟ್ಟದ್ದು ಪ್ರಯೋಗಶಾಲೆ. ಶಾಸ್ತ್ರ ಸರಿಯಿಲ್ಲದೆ ಕೇಳುವ ಕಿವಿಯೊಂದರಿಂದ ಯಾರೂ ಬದುಕುಳಿಯಲಾರರು. ಎರಡನೆಯದು ಇನ್ನೂ ಗಟ್ಟಿಯಾದದ್ದು: ಬಡತನ ಇಳಿಯುವುದು ಯೋಜನೆಗಳಿಂದಲೇ? 1978ರಿಂದೀಚೆಗೆ ಚೀನಾದಲ್ಲಿ ಕೋಟಿಗಟ್ಟಲೆ ಜನ ಬಡತನದಿಂದ ಮೇಲೆದ್ದದ್ದು ಪರದೇಶದ ನೆರವಿನಿಂದಲ್ಲ. ಹೊಲ, ಕಾರ್ಖಾನೆ, ಪೇಟೆಗಳ ನೀತಿ ಬದಲಾದದ್ದರಿಂದ. ಲೆಸೊಥೊದ ಗಣಿ ಕೂಲಿಯ ಸಂಕಟಕ್ಕೆ ಕಾರಣ ಗಡಿಯಾಚೆಗಿತ್ತು. ಬೆಟ್ಟದ ಮೇಲಿನ ಯಾವ ದನದ ಕೊಟ್ಟಿಗೆಯೂ ಅದನ್ನು ಪರಿಹರಿಸುವಂತಿರಲಿಲ್ಲ. ಇದನ್ನು ಒಪ್ಪುತ್ತೇನೆ. ಯೋಜನೆ ತನ್ನ ಅಳತೆಯನ್ನು ತಿಳಿದಿರಬೇಕು. ಭೇದಿಯನ್ನು ತಡೆಯಲು ಹೊರಟದ್ದು ಭೇದಿಯನ್ನು ತಡೆದರೆ ಅದು ಗೆದ್ದಂತೆ. ಬಡತನವನ್ನೇ ನೀಗುತ್ತೇನೆಂದು ಹೊರಟು ರಾಜಕಾರಣವನ್ನು ಕಾಣದಂತೆ ಮಾಡಿದರೆ ಸೋತಂತೆ. ಕ್ಷೇಮೇಂದ್ರ ಕಾವ್ಯಕ್ಕೆ ಹೇಳಿದ ಔಚಿತ್ಯ ಇಲ್ಲಿಯೂ ಜೀವಾಳ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನರನ್ನು ಕುರಿತು, ಓದುಬರಹದ ಅಭ್ಯಾಸವಿಲ್ಲದೆಯೂ ಕಾವ್ಯದ ಮರ್ಮ ಬಲ್ಲವರೆಂದು ಹೆಮ್ಮೆಪಟ್ಟುಕೊಂಡಿತು. ಪ್ರತಿವರ್ಷ ತರಗತಿಯಲ್ಲಿ ಆ ಭಾಗವನ್ನು ಪಾಠ ಮಾಡುವವನು ನಾನು. ಪಾಠ ಮಾಡಿ ಹೊರಬಂದು, ಹಳ್ಳಿಗೆ ಹೋದಾಗ ಓದದವರೊಬ್ಬರನ್ನೂ ಒಂದು ಮಾತು ಕೇಳದೆ ಗುಂಡಿ ತೋಡಿಸಿದವನೂ ನಾನೇ. ಗುಣದೋಷ ಬಲ್ಲ ವಿಮರ್ಶಕಿ ಅಂದು ಜಗುಲಿಯ ಮೇಲೆಯೇ ಕುಳಿತಿದ್ದಳು.

ಕಳೆದ ಶಿಬಿರದಲ್ಲಿ ಮೊದಲ ಎರಡು ದಿನ ಗುದ್ದಲಿ ಮುಟ್ಟಬಾರದೆಂದು ಹುಡುಗರಿಗೆ ಹೇಳಿದೆ. ಮನೆಮನೆಗೆ ಹೋಗಿ ಕೇಳಿಕೊಂಡು ಬಂದ ಅವರ ಪುಸ್ತಕಗಳಲ್ಲಿ ಹೆಚ್ಚಾಗಿ ಇದ್ದದ್ದು ಒಂದೇ ಸಂಗತಿ: ನೀರು ಯಾವ ದಿನ ಬರುತ್ತದೆಂದು ಮೊದಲೇ ತಿಳಿದರೆ ಸಾಕು, ಕೂಲಿ ಬಿಟ್ಟು ಕಾಯುವುದು ತಪ್ಪುತ್ತದೆ. ಅದಕ್ಕೆ ಗುದ್ದಲಿ ಬೇಡ; ಪಂಚಾಯಿತಿಯ ಬಾಗಿಲಲ್ಲಿ ಒಂದು ಕರಿಹಲಗೆ ಬೇಕು, ಅದರಲ್ಲಿ ದಿನಾ ಬರೆಯುವ ಒಬ್ಬರು ಬೇಕು. ಹಲಗೆ ತೂಗುಹಾಕಿ ಬಂದಿದ್ದೇವೆ. ಅದರ ಮೇಲೆ ಯಾರಾದರೂ ಬರೆಯುತ್ತಿದ್ದಾರೆಯೆ ಎಂಬುದನ್ನು ಹೋಗಿ ನೋಡುವವರೆಗೆ ವರದಿ ಬರೆಯುವುದಿಲ್ಲವೆಂದು ನಿಶ್ಚಯಿಸಿದ್ದೇನೆ.